ಕಾನೂನು ಬದಲಾಯಿತು. ಅವರು ತಯಾರಾದರು, ನಾವು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರೆಯುವಾಗ ಅಷ್ಟಿಷ್ಟು ತಿದ್ದಿದ್ದೇನೆ.)



ನನ್ನನ್ನ ಇಲ್ಲಿಗೆ ಕರೆದವರು ಪದ್ಯ ಓದು ಅಂದಿದ್ದರು. ಓದೋಣ, ರಾತ್ರಿ ಊಟ ಆದಮೇಲೆ ಓದೋಣ. ಈಗ ನಾನು ಮಾತಾಡೋದು ಕಾನೂನಿನ ವಿಷಯ. ನಾನು ಲಾಯರಲ್ಲ. ಬಿ.ಎ. ಓದಿದವನು, ಐಚ್ಛಿಕ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ. ನಿಮ್ಮ ಹಾಗೆಯೇ ಹಾಸ್ಟೆಲಿನ ಅನ್ನ ಉಂಡು ಬೆಳೆದವನು. ಹಾಗಿದ್ದೂ ಯಾಕೆ ಈ ವಿಷಯಕ್ಕೆ ಕೈ ಹಾಕಿದೆ ಅಂತ ಮೊದಲು ಹೇಳಿಬಿಡ್ತೀನಿ.

ನಮ್ಮವ್ವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾಳೆ. ನೆಲ ಗುಡಿಸ್ತಾಳೆ, ಒರೆಸ್ತಾಳೆ, ಕಕ್ಕಸು ತೊಳೀತಾಳೆ, ಆಪರೇಷನ್ ಆದಮೇಲಿನ ರಕ್ತದ ಬಟ್ಟೆ ಎತ್ತಾಳೆ. ಅವಳ ಐಡಿ ಕಾರ್ಡಿನಲ್ಲಿ ಇದಕ್ಕೆಲ್ಲ ಸೇರಿಸಿ ‘ಹೌಸ್‌ಕೀಪಿಂಗ್’ ಅಂತ ಒಂದೇ ಮಾತು ಬರೆದಿದೆ. 2014ರಿಂದ ಅದೇ ಆಸ್ಪತ್ರೆ, ಅದೇ ವಾರ್ಡು. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ಅವಳ ಹೆಸರೇ ಇಲ್ಲ. ಅವಳು ಏಜೆನ್ಸಿಯ ಆಳು. ಈ ಹನ್ನೊಂದು ವರ್ಷದಲ್ಲಿ ಟೆಂಡರು ಮೂರು ಕೈ ಬದಲಾಗಿದೆ. ಏಜೆನ್ಸಿ ಮೂರು, ಪೊರಕೆ ಒಂದೇ. ಈಗಿನ ಏಜೆನ್ಸಿ ಬಂದದ್ದು 2019ರ ಆಗಸ್ಟಿನಲ್ಲಿ.

2025ರ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಏಜೆನ್ಸಿಯ ಸೂಪರ್‌ವೈಸರು ಒಂದು ಕಟ್ಟು ಕಾಗದ ತಂದ. “ಬನ್ರಮ್ಮ, ಹೊಸ ಕಾನೂನು ಬಂದದೆ, ಎಲ್ರೂ ಸೈನ್ ಹಾಕಿ. ಹಾಕ್ದೋರ್ಗೆ ಮಾತ್ರ ಈ ತಿಂಗ್ಳು ಸಂಬಳ” ಅಂದ. ಆ ಪಾಳಿಯಲ್ಲಿ ಹದಿನೆಂಟು ಜನ ಹೆಣ್ಣುಮಕ್ಕಳು. ಕಾಗದ ಪೂರ್ತಿ ಇಂಗ್ಲಿಷು. ನಮ್ಮವ್ವ ರಾತ್ರಿ ಶಾಲೆಯಲ್ಲಿ ಸೈನ್ ಮಾಡೋದು ಕಲಿತವಳು, ಓದೋದಕ್ಕೆ ಬರೋದಿಲ್ಲ. ಅವಳು ಪೆನ್ನು ಹಿಡಿದು, ಅಲ್ಲೇ ನಿಲ್ಲಿಸಿ, “ಸಾರ್, ನಾಳಿಕ್ ಹಾಕ್ತೀನಿ, ನನ್ ಮಗ ಒಂದ್ ಸಲ ನೋಡ್ಲಿ” ಅಂದಳಂತೆ. ರಾತ್ರಿ ಕಾಗದ ನನ್ನ ಮುಂದಿಟ್ಟು, “ಏನ್ ಬರ್ದವ್ರೆ ನೋಡ್ಲಾ ಮಗ” ಅಂದಳು.

ನೋಡಿದೆ. ಒಂದನೆಯ ಸಾಲಿನಲ್ಲಿ ಇವಳು 2025ರ ಡಿಸೆಂಬರ್ 1ರಂದು ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ ಅಂತ ಇತ್ತು. ಮೂರನೆಯ ಸಾಲಿನಲ್ಲಿ ಕರಾರಿನ ಅವಧಿ ಹನ್ನೊಂದು ತಿಂಗಳು ಅಂತ ಇತ್ತು. ಒಂದು ಸೈನಿಗೆ ಅವಳ ಹಿಂದಿನ ವರ್ಷಗಳೆಲ್ಲ ಮಾಯ.

ಗೆಳೆಯರೆ, ನನಗೆ ಆ ರಾತ್ರಿ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಆಯಿತು. ಪಂಪನಿಂದ ಹಿಡಿದು ನಿನ್ನೆಯ ಪದ್ಯದವರೆಗೆ ಓದಿದ ನನಗೆ, ನಮ್ಮವ್ವನ ಸಂಬಳದ ಕಾನೂನು ಬದಲಾಗಿದೆ ಅನ್ನೋದೇ ಗೊತ್ತಿರಲಿಲ್ಲ. ಹನ್ನೊಂದು ತಿಂಗಳು ಯಾಕೆ, ಹನ್ನೆರಡು ಯಾಕಲ್ಲ ಅಂತ ತಿಳಿಯೋದಕ್ಕೆ ನನಗೆ ನಾಲ್ಕು ದಿನ ಬೇಕಾಯಿತು. ಆ ಏಜೆನ್ಸಿಯವನಿಗೆ ಅದು ಮೊದಲೇ ಗೊತ್ತಿತ್ತು. ಇವತ್ತಿನ ನನ್ನ ಮಾತು ಇಷ್ಟೇ: ಕಾನೂನು ಬದಲಾದಾಗ ಮಾಲೀಕ ತಯಾರಾಗ್ತಾನೆ, ಆಳು ಸರಬರಾಜು ಮಾಡೋ ಏಜೆನ್ಸಿ ತಯಾರಾಗುತ್ತೆ. ದುಡಿಯೋನನ್ನ ತಯಾರು ಮಾಡೋರು ಯಾರೂ ಇಲ್ಲ. ಆ ಕೆಲಸ ಓದಿದ ಮಕ್ಕಳಾದ ನಮ್ಮದು.

ಬದಲಾದದ್ದು ಏನು

ಕಾರ್ಮಿಕರಿಗೆ ಸಂಬಂಧಪಟ್ಟ 29 ಕೇಂದ್ರ ಕಾನೂನುಗಳನ್ನು ಕರಗಿಸಿ ನಾಲ್ಕು ಸಂಹಿತೆ ಮಾಡಿದರು. ವೇತನ ಸಂಹಿತೆ 2019ರದು. ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತೆ–ಆರೋಗ್ಯ–ಕೆಲಸದ ಸ್ಥಿತಿಗತಿಗಳ ಸಂಹಿತೆ, ಈ ಮೂರು 2020ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದವು. ಜಾರಿಗೆ ಬಂದದ್ದು ಮಾತ್ರ 2025ರ ನವೆಂಬರ್ 21ರಂದು. ನಡುವೆ ಐದು ವರ್ಷ.

ಈ ಐದು ವರ್ಷ ಯಾರು ಏನು ಮಾಡಿದರು? ನನ್ನ ಜೊತೆ ಓದಿದ ಒಬ್ಬ ಗೆಳೆಯ ಬೆಂಗಳೂರಿನಲ್ಲಿ ಕಾರ್ಮಿಕ ಕಾನೂನಿನ ಸಲಹೆ ಕೊಡುವ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರ್ತಾನೆ. ಅವನನ್ನ ಕೇಳಿದೆ. “2020ರಿಂದಲೇ ಕಂಪನಿಯೋರಿಗೂ ಏಜೆನ್ಸಿಯೋರಿಗೂ ಕ್ಲಾಸ್ ನಡೀತಿದೆ ಕಣೋ. ಸಂಬಳದ ಚೀಟಿ ಹೇಗೆ ಬದಲಾಯಿಸಬೇಕು, ಕರಾರು ಹೇಗೆ ಬರೀಬೇಕು, ಎಷ್ಟು ಜನರನ್ನ ಯಾವ ಲೆಕ್ಕದಲ್ಲಿ ತೋರಿಸಬೇಕು, ಎಲ್ಲಾ ರೆಡಿ” ಅಂದ. ದುಡಿಯೋರಿಗೆ ಕ್ಲಾಸ್ ನಡೀತಾ ಅಂದೆ. ನಕ್ಕ.

ಕಾನೂನೇ ಅವರ ಕೈ ಹಿಡಿಯೋ ಹಾಗೆ ಇದೆ. ಹಿಂದೆ ಲೇಬರ್ ಇನ್‌ಸ್ಪೆಕ್ಟರ್ ಅಂತ ಒಬ್ಬ ಇದ್ದ. ಹೊಸ ಕಾನೂನಿನಲ್ಲಿ ಅವನ ಹೆಸರು ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್. ಅಂದರೆ ತಪಾಸಣೆಯ ಜೊತೆಗೆ ಕಾನೂನು ಪಾಲಿಸೋದು ಹೇಗೆ ಅಂತ ತಿಳಿಹೇಳುವವನೂ ಹೌದು. ವೇತನ ಸಂಹಿತೆಯ ಪ್ರಕಾರ ಮಾಲೀಕ ತಪ್ಪು ಮಾಡಿದ್ದು ಕಂಡರೆ ಮೊದಲು ಬರವಣಿಗೆಯಲ್ಲಿ ತಿಳಿಸಿ, ತಿದ್ದಿಕೊಳ್ಳೋದಕ್ಕೆ ಕಾಲ ಕೊಡಬೇಕು. ಅಷ್ಟರೊಳಗೆ ತಿದ್ದಿಕೊಂಡರೆ ಮೊಕದ್ದಮೆ ಇಲ್ಲ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಆ ಅವಕಾಶ ಇಲ್ಲ. ತಿಳಿಹೇಳಬೇಕು ಅನ್ನೋದು ತಪ್ಪಲ್ಲ. ಆದರೆ ನಮ್ಮ ಕೇರಿಗೆ ಬಂದು ತಿಳಿಹೇಳಿದ ಯಾವ ಅಧಿಕಾರಿಯನ್ನೂ ನಾನು ಇನ್ನೂ ಕಂಡಿಲ್ಲ.

ನಮ್ಮ ಕೈಗೆ ಸಿಗುವಂಥದ್ದು

ಎಲ್ಲಾ ಕೆಟ್ಟದ್ದು ಅಂತ ಘೋಷಣೆ ಕೂಗಿ ಎದ್ದು ಹೋಗೋದು ಸುಲಭ. ಓದಿದ ಮಕ್ಕಳು ಹಾಗೆ ಮಾಡಬಾರದು. ಇದರಲ್ಲಿ ನಾವು ಹಿಡಿದುಕೊಳ್ಳಬೇಕಾದ ಕೆಲವು ಹಿಡಿಗಳಿವೆ. ಬರೆದುಕೊಳ್ಳಿ.

ನೇಮಕಾತಿ ಪತ್ರ ಕೊಡಲೇಬೇಕು. 

ಕನಿಷ್ಠ ವೇತನ ಈಗ ಎಲ್ಲಾ ಕೆಲಸಗಾರರಿಗೂ. 1948ರ ಹಳೆಯ ಕಾಯಿದೆಯಲ್ಲಿ ಪಟ್ಟಿಯಲ್ಲಿದ್ದ ಉದ್ಯೋಗಕ್ಕೆ ಮಾತ್ರ ಇತ್ತು.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸದಿಂದ ತೆಗೆದರೆ, ಇಲ್ಲವೆ ನೀವೇ ಬಿಟ್ಟರೆ, ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು. ಸಂಬಳದ ಚೀಟಿ ಕೊಡಬೇಕು.

ಸಂಬಳ ಬಾಕಿ ಇದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಇದೆ. ಇನ್ನೂ ಒಂದು ಮಾತು ಕೇಳಿ: ಸಂಬಳ ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಹೊರೆ ಮಾಲೀಕನ ಮೇಲೆ. ನಮ್ಮವ್ವ “ಕೊಟ್ಟಿಲ್ಲ” ಅಂದರೆ ಸಾಕು, “ಕೊಟ್ಟಿದ್ದೀನಿ” ಅಂತ ತೋರಿಸಬೇಕಾದವನು ಅವನು.

ಏಜೆನ್ಸಿ ಸಂಬಳ ಕೊಡದೆ ಕೈಯೆತ್ತಿದರೆ, ಕೆಲಸ ನಡೆಯುವ ಸಂಸ್ಥೆಯ ಯಜಮಾನ ಕೊಡಬೇಕು. ಇದೂ ವೇತನ ಸಂಹಿತೆಯಲ್ಲೇ ಇದೆ. “ನಮಗೂ ನಿಮಗೂ ಸಂಬಂಧ ಇಲ್ಲ, ಏಜೆನ್ಸೀನ ಕೇಳ್ಕೊಳ್ಳಿ” ಅನ್ನೋ ಮಾತು ನಡೆಯೋದಿಲ್ಲ.

ಇನ್ನು ಸಂಬಳದ ಲೆಕ್ಕ. ಮೂಲವೇತನವನ್ನು ಕಡಿಮೆ ತೋರಿಸಿ, ಉಳಿದದ್ದನ್ನು ಆ ಭತ್ಯೆ ಈ ಭತ್ಯೆ ಅಂತ ಬರೆಯೋದು ಹಳೆಯ ಚಾಳಿ. ಈಗ ಭತ್ಯೆಗಳು ಒಟ್ಟಿನ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಒಟ್ಟು 20,000, ಅದರಲ್ಲಿ ಮೂಲವೇತನ, ತುಟ್ಟಿಭತ್ಯೆ ಸೇರಿ 7,000, ಬಾಕಿ 13,000 ಭತ್ಯೆ ಅಂತ ಇಟ್ಟುಕೊಳ್ಳಿ. ಅರ್ಧ ಅಂದರೆ 10,000. ಮೇಲಿನ 3,000 ವೇತನಕ್ಕೆ ಸೇರಿ, ವೇತನ 10,000 ಆಗುತ್ತೆ. ಗ್ರಾಚ್ಯುಟಿ ಲೆಕ್ಕ ಅದರ ಮೇಲೆ. ಕಂಪನಿಯವರು ತಲೆ ಕೆಡಿಸಿಕೊಂಡು ಸಲಹೆಗಾರರ ಹತ್ತಿರ ಓಡಿದ್ದು ಈ ಒಂದು ವಿಷಯಕ್ಕೆ.

ಹನ್ನೊಂದು ತಿಂಗಳ ಗುಟ್ಟು

ಈಗ ನಮ್ಮವ್ವನ ಕಾಗದಕ್ಕೆ ಬರೋಣ. ಗ್ರಾಚ್ಯುಟಿ ಸಿಗೋದಕ್ಕೆ ಸಾಮಾನ್ಯವಾಗಿ ಐದು ವರ್ಷ ಬಿಡದೆ ದುಡಿದಿರಬೇಕು. ಹೊಸ ಕಾನೂನಿನಲ್ಲಿ, ಇಷ್ಟು ಕಾಲ ಅಂತ ಗೊತ್ತುಮಾಡಿ ಕರಾರಿನ ಮೇಲೆ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಲೆಕ್ಕ ಶುರು. ಇದು ಒಳ್ಳೆಯದು. ಏಜೆನ್ಸಿಯವರು ಇದನ್ನು ಓದಿದರು. ಓದಿ, ಕರಾರನ್ನು ಹನ್ನೊಂದು ತಿಂಗಳಿಗೆ ಕತ್ತರಿಸಿದರು. ಒಂದು ವರ್ಷವೇ ಆಗದಿದ್ದರೆ ಗ್ರಾಚ್ಯುಟಿ ಎಲ್ಲಿಂದ ಬರಬೇಕು?

ಇನ್ನು ‘ಹೊಸದಾಗಿ ಸೇರಿದ್ದಾಳೆ’ ಅನ್ನೋ ಸಾಲು. ಈಗಿನ ಏಜೆನ್ಸಿಯಲ್ಲೇ ಅವಳಿಗೆ ಆರು ವರ್ಷ ತುಂಬಿದೆ. ಲೆಕ್ಕಕ್ಕೆ ಸಂಬಳ 13,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. 13,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ 7,500. ಆರು ವರ್ಷಕ್ಕೆ 45,000 ರೂಪಾಯಿ. ಹದಿನೆಂಟು ಜನಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಒಂದು ಬೆಳಗ್ಗೆ, ಒಂದು ಪೆನ್ನು, “ಬನ್ರಮ್ಮ ಸೈನ್ ಹಾಕಿ” ಅನ್ನೋ ಒಂದು ಮಾತು.

ಯಾವುದು ಮುಖ್ಯ ಕೆಲಸ?

ನಷ್ಟದ ಕಡೆಗೂ ನೋಡೋಣ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಅಥವಾ ಹೆಚ್ಚು ಗುತ್ತಿಗೆ ಆಳುಗಳಿದ್ದ ಕಡೆ ಅನ್ವಯಿಸುತ್ತಿತ್ತು. ಹೊಸದರಲ್ಲಿ ಗುತ್ತಿಗೆ ಕುರಿತ ಭಾಗ ಅನ್ವಯವಾಗಬೇಕಾದರೆ 50 ಇರಬೇಕು. ನಮ್ಮವ್ವನ ಆಸ್ಪತ್ರೆಯಲ್ಲಿ ಗುತ್ತಿಗೆಯವರು ಮೂರೂ ಪಾಳಿ ಸೇರಿ 46 ಜನ. ಹಳೆಯ ಕಾನೂನಿನ ಒಳಗಿದ್ದವರು ಈಗ ಆ ಭಾಗದ ಹೊರಗೆ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯವನು ಆಳುಗಳನ್ನು ತೆಗೆಯೋದಕ್ಕೆ, ಬಾಗಿಲು ಮುಚ್ಚೋದಕ್ಕೆ ಸರ್ಕಾರದ ಅನುಮತಿ ಕೇಳಬೇಕಿಲ್ಲ. ಹಿಂದಿನ ಕಾನೂನಿನಲ್ಲಿ ಇದು 100 ಇತ್ತು. ಮುಷ್ಕರಕ್ಕೆ ಈಗ ಎಲ್ಲಾ ಕೈಗಾರಿಕೆಯಲ್ಲೂ 14 ದಿನದ ನೋಟೀಸು ಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ.

ಆದರೆ ನನ್ನನ್ನ ನಿದ್ದೆಗೆಡಿಸಿದ್ದು ಇನ್ನೊಂದು ಸಾಲು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಆಳು ಇಡಬಾರದು ಅಂತ ಹೊಸ ಕಾನೂನು ಹೇಳುತ್ತೆ. ಕೇಳೋದಕ್ಕೆ ಚೆನ್ನಾಗಿದೆ. ಯಾವುದು ಮುಖ್ಯ ಕೆಲಸ? ಸಂಸ್ಥೆ ಯಾವುದಕ್ಕಾಗಿ ಹುಟ್ಟಿತೋ ಅದು, ಮತ್ತು ಅದಕ್ಕೆ ಅತ್ಯಗತ್ಯವಾದದ್ದು. ಆಮೇಲೆ ಒಂದು ‘ಆದರೆ’ ಇದೆ. ಸಂಸ್ಥೆ ಅದಕ್ಕೆಂದೇ ಸ್ಥಾಪನೆ ಆಗಿರದಿದ್ದರೆ ಈ ಕೆಲಸಗಳು ಅಗತ್ಯ ಅಂತ ಎಣಿಸತಕ್ಕದ್ದಲ್ಲ ಅಂತ ಒಂದು ಪಟ್ಟಿ ಕೊಟ್ಟಿದ್ದಾರೆ. ಆ ಪಟ್ಟಿಯ ಮೊದಲನೆಯದೇ ನೈರ್ಮಲ್ಯದ ಕೆಲಸ: ಗುಡಿಸೋದು, ತೊಳೆಯೋದು, ಧೂಳು ಹೊಡೆಯೋದು, ಎಲ್ಲಾ ಬಗೆಯ ಕಸ ಎತ್ತಿ ಸಾಗಿಸೋದು. ಆಮೇಲೆ ಕಾವಲು, ಕ್ಯಾಂಟೀನು, ಮೂಟೆ ಹೊರೋದು–ಇಳಿಸೋದು, ತೋಟದ ಕೆಲಸ, ಬಟ್ಟೆ ಒಗೆಯೋದು.

ಗೆಳೆಯರೆ, ಈ ಪಟ್ಟಿಯನ್ನ ಒಂದು ಸಲ ಗಟ್ಟಿಯಾಗಿ ಓದಿ, ಆಮೇಲೆ ನಿಮ್ಮ ನಿಮ್ಮ ಕೇರಿಯ ಮನೆಗಳನ್ನ ಎಣಿಸಿ. ಆ ಪಟ್ಟಿಯಲ್ಲಿ ಜಾತಿಯ ಹೆಸರು ಒಂದೂ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಆಸ್ಪತ್ರೆ ಇರೋದು ಚಿಕಿತ್ಸೆಗೆ, ಗುಡಿಸೋದಕ್ಕಲ್ಲ ಅಂತ ಇವರ ವಾದ. ಸರಿ, ಮೂರು ದಿನ ಆಪರೇಷನ್ ಕೋಣೆ ತೊಳೆಯದೆ ಚಿಕಿತ್ಸೆ ಮಾಡಿ ತೋರಿಸಲಿ. 2020ರ ಕರೋನಾ ಕಾಲದಲ್ಲಿ ಇವರೇ ನಮ್ಮವ್ವನ ಮೇಲೆ ಹೂವು ಎರಚಿದರು. ಆಗ ಅವಳ ಕೆಲಸ ಅತ್ಯಗತ್ಯ. ಅದೇ ವರ್ಷದ ಸೆಪ್ಟೆಂಬರಿನ ಕಾನೂನಿನಲ್ಲಿ ಅವಳ ಕೆಲಸ ಅಗತ್ಯದ ಕೆಲಸ ಅಲ್ಲ.

ಸಂಬಳದಲ್ಲಿ, ನೇಮಕದಲ್ಲಿ ತಾರತಮ್ಯ ಮಾಡಬಾರದು ಅಂತ ವೇತನ ಸಂಹಿತೆಯ ಮೂರನೆಯ ಕಲಮಿನಲ್ಲಿದೆ. ಆದರೆ ಯಾವ ಆಧಾರದ ಮೇಲೆ ಅಂದರೆ ಲಿಂಗದ ಆಧಾರ ಮಾತ್ರ. ಅದು ಬೇಕಾದದ್ದೇ. ಜಾತಿ ಅನ್ನೋ ಮಾತನ್ನ ಅಲ್ಲಿ ಸೇರಿಸೋದಕ್ಕೆ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಇಲ್ಲೊಂದು ಎಳೆ ಇದೆ, ಹಿಡಿದುಕೊಳ್ಳಿ. ‘ಸಂಸ್ಥೆ ಅದಕ್ಕೆಂದೇ ಸ್ಥಾಪನೆ ಆಗಿರದಿದ್ದರೆ’ ಅನ್ನೋ ಷರತ್ತು. ಪುರಸಭೆ, ನಗರಸಭೆ ಇರೋದು ಯಾತಕ್ಕೆ? 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಲ್ಲಿ ಬೀದಿ ಗುಡಿಸಿ ಶುಚಿಯಾಗಿಡೋದು ಕಡ್ಡಾಯ ಕರ್ತವ್ಯ. ಸಂವಿಧಾನದ 12ನೇ ಅನುಸೂಚಿಯಲ್ಲಿ ನೈರ್ಮಲ್ಯ, ಕಸ ವಿಲೇವಾರಿ ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿದೆ. ಹಾಗಿದ್ದಮೇಲೆ ನಗರಸಭೆಗೆ ಕಸದ ಕೆಲಸವೇ ಮುಖ್ಯ ಕೆಲಸ. ಅಲ್ಲಿ ಏಜೆನ್ಸಿಗೆ ಜಾಗ ಎಲ್ಲಿ? ಈ ವಾದವನ್ನ ನಿಮ್ಮೂರಿನ ನಗರಸಭೆಯ ಮುಂದೆ ಇಡಬೇಕಾದವರು ನೀವು.

ಮೇಸ್ತ್ರಿಯ ಹೊಸ ಅಂಗಿ

ಏಜೆನ್ಸಿ ಅನ್ನೋದು ಹೊಸದಲ್ಲ. ನಮ್ಮ ತಾತಂದಿರಿಗೆ ಅವನ ಹೆಸರು ಮೇಸ್ತ್ರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮುಂಗಡ ಕೊಟ್ಟು ಆಳು ತಂದವನು ಮೇಸ್ತ್ರಿ. ಕೋಲಾರದ ಚಿನ್ನದ ಗಣಿಗೆ ತಮಿಳು ಸೀಮೆಯ ನಮ್ಮ ಜನರನ್ನ ತಂದವನೂ ಅಂಥವನೇ. ಆಗಲೂ ಕಾನೂನು ಅವರ ಪರ ತಯಾರಾಗಿತ್ತು. 1859ರಲ್ಲಿ ಬ್ರಿಟಿಷರು ಒಂದು ಕಾಯಿದೆ ಮಾಡಿದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನ ಜೈಲಿಗೆ ಕಳಿಸಬಹುದಾಗಿತ್ತು. ಅದು ರದ್ದಾದದ್ದು 1925ರಲ್ಲಿ.

ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ನಮ್ಮವರನ್ನ ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಲಾಳಿಯ ದಾರವನ್ನು ಬಾಯಲ್ಲಿ ಎಳೆಯಬೇಕಾಗಿತ್ತು, ಅಸ್ಪೃಶ್ಯನ ಎಂಜಲು ಆಗುತ್ತೆ ಅಂತ. ಹೆಚ್ಚು ಸಂಬಳ ಇದ್ದದ್ದು ಆ ನೇಯ್ಗೆಯಲ್ಲೇ. ಬಾಬಾಸಾಹೇಬರು ಇದನ್ನ ಕಾರ್ಮಿಕ ನಾಯಕರ ಮುಖಕ್ಕೆ ಹಿಡಿದರು. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ದುಡಿಯುವವರಿಗೆ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಶತ್ರುಗಳು ಅಂತ ವಿವರಿಸಿದರು. ಅದೇ ವರ್ಷ ಬೊಂಬಾಯಿ ಸರ್ಕಾರ ಮುಷ್ಕರವನ್ನ ಅಪರಾಧ ಮಾಡುವ ಕೈಗಾರಿಕಾ ವಿವಾದ ಮಸೂದೆ ತಂದಾಗ, ಶಾಸನಸಭೆಯಲ್ಲಿ ಕಲಮು ಕಲಮಾಗಿ ಬಿಡಿಸಿ ವಿರೋಧಿಸಿದರು. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ಮಾಡಿಸಿದರು. ಮಸೂದೆ ಪಾಸಾಯಿತು, ನಿಜ. ಆದರೆ ಅವರು ಬಿಡಲಿಲ್ಲ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹಿಡಿದರು. 1946ರಲ್ಲಿ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ಕೆಲಸ 48ಕ್ಕೆ ಇಳಿಯಿತು. ಬೀದಿಯೂ ಬೇಕು, ಕಲಮೂ ಗೊತ್ತಿರಬೇಕು. ನಾವು ಬೀದಿಯನ್ನ ನೆನಪಿಟ್ಟುಕೊಂಡೆವು, ಕಲಮು ಓದೋದನ್ನ ಮರೆತೆವು.

ಹಳೆಯ ಕಾನೂನು ಬಂಗಾರ ಅಂತ ನಾನು ಹೇಳ್ತಾ ಇಲ್ಲ. 1970ರ ಕಾಯಿದೆಯ ಹೆಸರಿನಲ್ಲೇ ಗುತ್ತಿಗೆ ‘ರದ್ಧತಿ’ ಅಂತ ಇತ್ತು. ಅದರ ನೆರಳಿನಲ್ಲೇ ಗುತ್ತಿಗೆ ಬೆಳೆಯಿತು. ಗುತ್ತಿಗೆ ನಿಷೇಧ ಆದರೂ ಅಲ್ಲಿ ದುಡಿಯುತ್ತಿದ್ದವರು ತಾನಾಗೇ ಖಾಯಂ ಆಗೋದಿಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಇದ್ದರೂ ಕೇಳುವವರಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಮಲದ ಗುಂಡಿ. 2013ರ ಕಾಯಿದೆಯ ಪ್ರಕಾರ ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ, ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ, ರಕ್ಷಣೆಯಿಲ್ಲದೆ ಮನುಷ್ಯನನ್ನ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ಮೊದಲ ಸಲ ಇಳಿಸಿದರೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಕಾಯಿದೆ ನಾಲ್ಕು ಸಂಹಿತೆಯಲ್ಲಿ ಕರಗಿಲ್ಲ, ಹಾಗೇ ಇದೆ. ಏಜೆನ್ಸಿಯವನು ಇಳಿಸಿದ, ನಮಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ.

ಕೇಳುವವರಿದ್ದರೆ ಏನಾಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. ಬೆಂಗಳೂರಿನ ಪೌರಕಾರ್ಮಿಕರು ವರ್ಷಾನುಗಟ್ಟಲೆ ಗುತ್ತಿಗೆದಾರನ ಕೈಕೆಳಗಿದ್ದರು. ಎಪ್ಪತ್ತರ ದಶಕದ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿಯಿಂದ ಹಿಡಿದು ಒಂದೊಂದು ಆದೇಶವನ್ನೂ ಕೈಯಲ್ಲಿ ಹಿಡಿದು ಸಂಘ ಕಟ್ಟಿದರು. ಮೊದಲು ಗುತ್ತಿಗೆದಾರ ಹೋಗಿ ನೇರ ಪಾವತಿ ಬಂತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತರು, ಸರ್ಕಾರ ಖಾಯಂ ಮಾಡ್ತೀವಿ ಅಂತ ಮಾತು ಕೊಡಬೇಕಾಯಿತು. 2025ರ ಮೇ 1ರಂದು 12,692 ಜನರ ಕೈಗೆ ಖಾಯಂ ನೇಮಕಾತಿ ಪತ್ರ ಬಂತು. ಅವರಲ್ಲಿ ಹೆಚ್ಚಿನವರು ನಮ್ಮವ್ವನಂಥ ಹೆಣ್ಣುಮಕ್ಕಳು. ಅವರಿಗೆ ಓದು ಬರುತ್ತಿತ್ತೋ ಇಲ್ಲವೋ, ಯಾವ ಕಾಗದದಲ್ಲಿ ಏನಿದೆ ಅನ್ನೋದು ಗೊತ್ತಿತ್ತು.

ನಾಳೆ ನಮ್ಮದೇ ಸರದಿ

ಇದು ಅಪ್ಪ ಅವ್ವನ ವಿಷಯ ಅಂತ ತಿಳಿಯಬೇಡಿ. ಬಿ.ಎ., ಬಿ.ಕಾಂ. ಮುಗಿಸಿದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಮೊದಲು ಬಾಗಿಲು ತೆರೆಯೋದು ಏಜೆನ್ಸಿಯೇ. ಡೇಟಾ ಎಂಟ್ರಿ, ಸೆಕ್ಯೂರಿಟಿ, ಡ್ರೈವರು, ಹಾಸ್ಟೆಲ್ ಅಡುಗೆ. ಸರ್ಕಾರದ ಆಫೀಸಿನಲ್ಲೂ ಈಗ ಹೊರಗುತ್ತಿಗೆ. ಖಾಯಂ ಹುದ್ದೆ ಕರಗಿದ ಹಾಗೆ ಮೀಸಲಾತಿಯೂ ಕರಗುತ್ತೆ. ಇದಕ್ಕೆ ಕೂಗೆದ್ದ ಮೇಲೆ 2024ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಆದೇಶ ಮಾಡಿತು. 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ, 20ಕ್ಕಿಂತ ಕಡಿಮೆ ಹುದ್ದೆ ಇರೋ ಕಡೆಗೆ ಅದು ಅನ್ವಯ ಇಲ್ಲ. ನಿಮ್ಮ ಕಾಲೇಜಿನಲ್ಲಿ, ನಿಮ್ಮ ಹಾಸ್ಟೆಲಿನ ಇಲಾಖೆಯಲ್ಲಿ ಏಜೆನ್ಸಿ ಕೊಟ್ಟ ಪಟ್ಟಿ ಹೇಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೀರಾ? ಬೈಕಿನಲ್ಲಿ ಊಟ ಹಂಚೋಕೆ ಹೋಗೋ ತಮ್ಮಂದಿರೂ ಇಲ್ಲಿದ್ದೀರಿ. 2025ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರಿಗೆ ಒಂದು ಕಾಯಿದೆ ಮಾಡಿದೆ. ಕಾರಣ ಬರೆದು 14 ದಿನ ಮೊದಲು ತಿಳಿಸದೆ ಕೆಲಸದಿಂದ ಕಿತ್ತುಹಾಕುವ ಹಾಗಿಲ್ಲ ಅಂತ ಅದರಲ್ಲಿದೆ. ಅದನ್ನೂ ಓದಿ.

ಏನು ಮಾಡೋದು

ಹದಿನೆಂಟು ಜನ ಏನು ಮಾಡಿದರು ಅಂತ ಹೇಳಿ ಮುಗಿಸ್ತೀನಿ.

ಯಾರೂ ಸೈನ್ ಹಾಕಲಿಲ್ಲ. “ಕನ್ನಡದಾಗ್ ಕೊಡಿ ಸಾರ್, ಎಂಟು ದಿನ ಟೈಮ್ ಕೊಡಿ” ಅಂದರು. ಸೂಪರ್‌ವೈಸರು ಕೂಗಾಡಿದ. ಇವರು ಕೆಲಸ ಬಿಡಲಿಲ್ಲ, ಜಗಳ ಆಡಲಿಲ್ಲ, ಸೈನೂ ಹಾಕಲಿಲ್ಲ. ನಾವು ನಾಲ್ಕು ಜನ ಹುಡುಗರು ಕೂತು ಕನ್ನಡದಲ್ಲಿ ಒಂದು ಅರ್ಜಿ ಬರೆದೆವು. ಒಂದು ಏಜೆನ್ಸಿಗೆ, ಒಂದು ಆಸ್ಪತ್ರೆಗೆ, ಪ್ರತಿ ಕಾರ್ಮಿಕ ಇಲಾಖೆಯ ಕಚೇರಿಗೆ. ಮೂರಕ್ಕೂ ಸ್ವೀಕೃತಿಯ ಸೀಲು ಹಾಕಿಸಿಕೊಂಡೆವು. ಹಳೆಯ ತಾರೀಖು ಬರೆಯಿರಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಬರೆದುಕೊಡಿ ಅಂತ ಕೇಳಿದೆವು.

ಏಜೆನ್ಸಿಯವರು ರುಜುವಾತು ತನ್ನಿ ಅಂದರು. ಆಗ ಟ್ರಂಕುಗಳು ತೆರೆದವು. ಹರಿದ ಪಾಸ್‌ಬುಕ್ಕು, ಬಣ್ಣ ಹೋದ ಐಡಿ ಕಾರ್ಡು. ಪಿ.ಎಫ್. ನಂಬರು ಇದ್ದವರ ಖಾತೆಯನ್ನ ನಾವು ಮೊಬೈಲಿನಲ್ಲೇ ತೆಗೆದು, ಯಾವ ತಿಂಗಳಿಂದ ದುಡ್ಡು ಕಟ್ಟಿದ್ದಾರೆ ಅಂತ ಪ್ರಿಂಟು ಹಾಕಿಸಿದೆವು. ಹದಿಮೂರು ಜನರ ಹತ್ತಿರ ಏನಾದರೂ ಒಂದು ಇತ್ತು. ಅವರ ಪತ್ರದಲ್ಲಿ ಹಳೆಯ ತಾರೀಖು ಬಂತು, ಸೀಲೂ ಬಿತ್ತು. ಐದು ಜನರ ಹತ್ತಿರ ಏನೂ ಇರಲಿಲ್ಲ. ಪಿ.ಎಫ್. ಕಟ್ಟೇ ಇರಲಿಲ್ಲ, ಪಾಸ್‌ಬುಕ್ಕು ಮಳೆಯಲ್ಲಿ ಹೋಗಿತ್ತು, ಒಬ್ಬಳ ಸಂಬಳ ಗಂಡನ ಖಾತೆಗೆ ಬರುತ್ತಿತ್ತು. ಆ ಐವರ ಅರ್ಜಿ ಕಾರ್ಮಿಕ ಇಲಾಖೆಯಲ್ಲಿದೆ. ಹನ್ನೊಂದು ತಿಂಗಳು ಅನ್ನೋ ಸಾಲು ಎಲ್ಲರ ಪತ್ರದಲ್ಲೂ ಹಾಗೇ ಇದೆ. ಗೆದ್ದೆವು ಅಂತ ನಾನು ಹೇಳೋದಿಲ್ಲ. ಆ ಐವರಲ್ಲಿ ಒಬ್ಬಳು ನಮ್ಮವ್ವನಿಗಿಂತ ಮೊದಲು ಸೇರಿದವಳು. ದಾರೀಲಿ ಸಿಕ್ಕಿದರೆ ಈಗಲೂ “ನಂದೇನಾಯ್ತಪ್ಪ” ಅಂತಾಳೆ. ನಾನು ತಲೆ ತಗ್ಗಿಸ್ತೀನಿ. ಐದು ವರ್ಷ ಮೊದಲೇ ನಾವು ಯಾರಾದರೂ ಒಬ್ಬರು, “ಅಕ್ಕ, ಆ ಚೀಟಿ ಜೋಪಾನ” ಅಂದಿದ್ದರೆ ಸಾಕಾಗಿತ್ತು.

ಅದಕ್ಕೇ ಈ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಕೇರಿಯಲ್ಲಿ ಮನೆಮನೆಗೆ ಹೋಗಿ ಬರೆಯಿರಿ. ಯಾರು ಎಲ್ಲಿ ಕೆಲಸ ಮಾಡ್ತಾರೆ? ಏಜೆನ್ಸಿಯ ಹೆಸರೇನು, ಕೆಲಸ ನಡೆಯುವ ಸಂಸ್ಥೆಯ ಹೆಸರೇನು? ಯಾವ ತಾರೀಖಿನಿಂದ? ನೇಮಕಾತಿ ಪತ್ರ ಇದೆಯಾ? ಸಂಬಳ ಎಷ್ಟು, ಯಾವ ತಾರೀಖಿಗೆ, ಯಾರ ಖಾತೆಗೆ? ಪಿ.ಎಫ್., ಇ.ಎಸ್.ಐ. ನಂಬರು ಏನು? ಒಟ್ಟು ಎಷ್ಟು ಜನ ಗುತ್ತಿಗೆಯವರಿದ್ದಾರೆ, 50ರ ಒಳಗೋ ಹೊರಗೋ? ಇರೋ ಕಾಗದಕ್ಕೆಲ್ಲ ಫೋಟೋ ತೆಗೆದಿಡಿ. ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸೈನ್ ಹಾಕಬೇಡಿ ಅಂತ ಅಜ್ಜಿಯಿಂದ ಹಿಡಿದು ಎಲ್ಲರಿಗೂ ಹೇಳಿ. ಏಳು ಜನ ಸೇರಿದರೆ ಕಾರ್ಮಿಕ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಏಳು ಜನ ಇಲ್ಲದ ಕೇರಿ ಯಾವುದಿದೆ?

ಮುಂದಿನ ಸಲ ಕಾನೂನು ಬದಲಾದಾಗ ಸೂಪರ್‌ವೈಸರು ಕಾಗದ ತರುವ ಮೊದಲೇ ನಮ್ಮ ನೋಟ್‌ಬುಕ್ಕು ತಯಾರಿರಬೇಕು. ಶಿಬಿರ ಮುಗಿಯೋದರೊಳಗೆ ಯಾವ ಯಾವ ಊರಿಗೆ ಯಾರು ಅಂತ ಪಟ್ಟಿ ಮಾಡೋಣ. ನನ್ನ ಹೆಸರು ಮೊದಲು ಬರೆಯಿರಿ. ಆ ಐವರ ಲೆಕ್ಕ ಇನ್ನೂ ನನ್ನ ಮೇಲಿದೆ.

ಜೈ ಭೀಮ್.